ಕಮರದ ಬೇರಿಗೆ ಕಟ್ಟಿದ ತಂತಿ

ಫೋನು ಬಂದಾಗ ನನ್ನ ಬಲಗೈ ಭುಜದತನಕ ಎಮ್ಮೆಯ ಗರ್ಭದೊಳಗಿತ್ತು. ಹಿಂದಿನ ದಿನ ಕರು ಹಾಕಿದ್ದ ಎಮ್ಮೆ, ಮಾಸು ಬಿದ್ದಿರಲಿಲ್ಲ. ಒಂದೊಂದೇ ಗಂಟನ್ನು ಬೆರಳ ತುದಿಯಿಂದ ಬಿಡಿಸುತ್ತಿದ್ದೆ. ಅವಸರ ಮಾಡಿ ಎಳೆದರೆ ಒಳಗೆ ಹರಿದು ರಕ್ತ ಹೋಗುತ್ತದೆ. ಎಮ್ಮೆಯ ಯಜಮಾನಿ ನನ್ನ ಜೇಬಿನಿಂದ ಫೋನು ತೆಗೆದು ನನ್ನ ಕಿವಿಗೆ ಹಿಡಿದಳು. ಆ ಕಡೆ ವಲಯ ಅರಣ್ಯಾಧಿಕಾರಿ.

"ಮೇಡಂ, ಗುಡೇಕೋಟೆ ಕಡೆ ಗುಡ್ಡದಾಗ ಕರಡಿ ಉರುಳಿಗೆ ಬಿದ್ದೈತಿ. ಒಬ್ಬಾತನ ಮುಖ ಕಿತ್ತುಬಿಟ್ಟೈತಿ. ಜನ ಸೇರ್ಯಾರ. ನೀವು ಬರಬೇಕ್ರಿ."

"ನಿಮ್ಮ ವನ್ಯಜೀವಿ ಡಾಕ್ಟ್ರು?"

"ಬೇರೆ ಜಿಲ್ಲಾಕ ಚಿರತಿ ಹಿಡಿಯಾಕ ಹೋಗ್ಯಾರ. ಈಗ ಹೊಂಟರೂ ಬರೋದು ಸಂಜಿ ಆಗ್ತೈತಂತ. ನೀವು ತರಬೇತಿ ಮಾಡೀರಲ್ಲ?"

ಮಾಡಿದ್ದೆ. ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯ ವೈದ್ಯೆ. ಕುರಿ, ಎಮ್ಮೆ, ಎತ್ತು ನನ್ನ ದಿನದ ಕೆಲಸ. ಆದರೆ ಓದುವಾಗಿನಿಂದಲೂ ಮನಸ್ಸು ಕಾಡುಪ್ರಾಣಿಗಳ ಕಡೆಗಿತ್ತು. ಆ ಆಸೆಗೇ ಸ್ವಂತ ರಜೆ ಹಾಕಿ, ಕಾಡುಪ್ರಾಣಿಗಳಿಗೆ ಅರಿವಳಿಕೆ ಕೊಡುವ ತರಬೇತಿಗೆ ಹೋಗಿ ಬಂದಿದ್ದೆ. ಅಲ್ಲಿ ಹುಲ್ಲು ತುಂಬಿದ ಚೀಲಕ್ಕೆ ಗುರಿಯಿಟ್ಟು ಊದುಕೊಳವೆಯಿಂದ ಡಾರ್ಟು ಎನ್ನುವ ಸಿರಿಂಜು ಹಾರಿಸುವುದನ್ನು ಕಲಿಸಿದ್ದರು. ಪಂಜರದಲ್ಲಿದ್ದ ಒಂದು ಕರಡಿಗೆ ಮದ್ದು ಕೊಟ್ಟಾಗ ಪಕ್ಕದಲ್ಲಿ ನಿಂತು ನಾಡಿ ನೋಡಿದ್ದೆ. ಆ ಕರಡಿಯ ತೂಕ ಗೊತ್ತಿತ್ತು, ಅದು ಖಾಲಿ ಹೊಟ್ಟೆಯಲ್ಲಿತ್ತು, ನೆರಳಲ್ಲಿತ್ತು.

ಆಗ ನನಗಾದದ್ದು ಗಾಬರಿಯಲ್ಲ, ಸಂತೋಷ. ಬಹಳ ದಿನ ಕಾದಿದ್ದು ಬಂತು ಅನ್ನುವಂಥ ಸಂತೋಷ. ಮುಖ ಕಿತ್ತುಹೋದ ಮನುಷ್ಯನ ಸುದ್ದಿಯನ್ನೂ ಅದೇ ಫೋನಿನಲ್ಲೇ ಕೇಳಿದ್ದೆ. ಆದರೂ ಜೀಪು ಹತ್ತುವಾಗ ನನ್ನ ತಲೆಯಲ್ಲಿ ಆ ಮನುಷ್ಯ ಇರಲಿಲ್ಲ. ಎಮ್ಮೆಯ ಕೆಲಸ ಮುಗಿಸಿ, ಕೈ ತೊಳೆದು, ಮದ್ದಿನ ಸೀಸೆಗಳನ್ನು ಐಸಿನ ಡಬ್ಬಿಗೆ ಹಾಕಿಕೊಂಡು ಹೊರಟೆ. ಊದುಕೊಳವೆ, ಡಾರ್ಟುಗಳು ಅರಣ್ಯ ಇಲಾಖೆಯ ಜೀಪಿನಲ್ಲಿದ್ದವು.

ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಆದರೆ ಕೆಲವು ದಿನಗಳಿಂದ ಮೋಡ ಬಿಟ್ಟು ಬಿಸಿಲು ಸುಡುತ್ತಿತ್ತು. ಶೇಂಗಾ ಹೊಲಗಳು ಮುಗಿದಲ್ಲಿ ಬಂಡೆಗಳು ಶುರುವಾಗುತ್ತವೆ. ಜೀಪು ನಿಲ್ಲಿಸಿ ಹತ್ತುವಾಗ ಮೊದಲು ಕಂಡದ್ದು ಜನ. ಬಂಡೆ ಬಂಡೆಯ ಮೇಲೂ ಜನ. ಸೀತಾಫಲದ ಗಿಡಗಳ ಮೇಲೆ ಹತ್ತಿ ಕೂತವರು, ಮೊಬೈಲ್ ಎತ್ತಿ ಹಿಡಿದವರು. ಅವರ ನಡುವೆ ಒಂದು ಕಲ್ಲಿನ ಮೇಲೆ ಒಂದು ರುಮಾಲು ಬಿದ್ದಿತ್ತು, ಅರ್ಧ ಬಿಳಿ, ಅರ್ಧ ಕೆಂಪು. ಅಷ್ಟು ಜನ ಓಡಾಡುತ್ತಿದ್ದರೂ ಅದನ್ನು ಯಾರೂ ತುಳಿದಿರಲಿಲ್ಲ, ಯಾರೂ ಎತ್ತಿರಲೂ ಇಲ್ಲ.

ಕರಡಿ ಕೆಳಗಿನ ತಗ್ಗಿನಲ್ಲಿತ್ತು. ಅಲ್ಲೊಂದು ಹಳೆಯ ಕಮರದ ಮರ, ಅದರ ಬೇರಿಗೆ ಬೈಕಿನ ಕ್ಲಚ್ ವೈರು ಕಟ್ಟಿತ್ತು. ಆ ಉರುಳು ಕರಡಿಯ ಸೊಂಟಕ್ಕೆ ಬಿದ್ದಿತ್ತು. ಬಿಡಿಸಿಕೊಳ್ಳಲು ಅದು ಮರದ ಸುತ್ತ ಸುತ್ತಿ ಸುತ್ತಿ, ತಂತಿ ಗಿಡ್ಡವಾಗಿ, ಈಗ ಬೇರಿಗೆ ಅಂಟಿಕೊಂಡಂತೆ ನಿಂತಿತ್ತು. ಸುತ್ತಲಿನ ಮಣ್ಣು ಉತ್ತ ಹಾಗಿತ್ತು. ತಂತಿ ಎಲ್ಲಿ ಹೊಕ್ಕಿದೆ ಅನ್ನುವುದು ಉದ್ದ ಕೂದಲಿನೊಳಗೆ ಕಾಣುತ್ತಿರಲಿಲ್ಲ. ಬಾಯಿಂದ ನೊರೆ ಇಳಿಯುತ್ತಿತ್ತು. ಯಾರಾದರೂ ಅಲುಗಿದರೆ ಎದ್ದು ನುಗ್ಗುತ್ತಿತ್ತು, ತಂತಿ ಎಳೆಯುತ್ತಿತ್ತು, ಕೂಗುತ್ತಿತ್ತು. ಆ ಕೂಗು ಮನುಷ್ಯರ ಕೂಗಿಗೆ ಬಹಳ ಹತ್ತಿರ.

ಫೋನಿನ ಸಿಗ್ನಲ್ ಸಿಗುತ್ತಿದ್ದದ್ದು ಮೇಲಿನ ಒಂದೇ ಬಂಡೆಯ ಮೇಲೆ. ಅಲ್ಲಿಗೆ ಹತ್ತಿ ವನ್ಯಜೀವಿ ವೈದ್ಯರಿಗೆ ಫೋನು ಹಚ್ಚಿದೆ. ತರಬೇತಿಯಲ್ಲಿ ನಮಗೆ ಪಾಠ ಹೇಳಿದವರೂ ಅವರೇ. ನಾನು ಡೋಸಿನ ಮಾತು ಎತ್ತಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಮೊದಲು ಜನಾನ ಹಿಂದಕ್ಕೆ ಕಳಿಸಿ. ನೆರಳು ಮಾಡೋಕೆ ಆಗುತ್ತಾ ನೋಡಿ. ದೂರದಿಂದ ನೀರು ಚಿಮುಕಿಸಿ. ಆಮೇಲೆ ಸುಮ್ನೆ ಕೂತು ನೋಡಿ. ಉಸಿರು ಎಣಿಸಿ. ಒಸಡಿನ ಬಣ್ಣ ಕಂಡ್ರೆ ಹೇಳಿ. ಹಿಂಗಾಲು ಊರ್ತಾ ಇದೆಯಾ ನೋಡಿ."

"ಸರ್, ಡಾರ್ಟ್ ಲೋಡ್ ಮಾಡ್ಲಾ?"

"ಈಗಲೇ ಬೇಡ. ಇಷ್ಟು ಬಿಸಿಲಲ್ಲಿ, ಇಷ್ಟು ದಣಿದ ಪ್ರಾಣಿಗೆ ಮದ್ದು ಕೊಟ್ರೆ ಮೈ ಇನ್ನೂ ಕಾಯುತ್ತೆ. ನಾನು ಬರ್ತಾ ಇದೀನಿ. ಸಂಜೆ ತಂಪಾದ ಮೇಲೆ ಮಾಡೋಣ."

ನನಗೆ ನಿರಾಶೆಯಾಯಿತು. ಆದರೂ ಹೇಳಿದಂತೆ ಮಾಡಿದೆ. ಅರಣ್ಯದ ವಾಚರ್ ಒಬ್ಬ ಔಷಧಿ ಸಿಂಪಡಿಸುವ ಪಂಪಿನಲ್ಲಿ ನೀರು ತುಂಬಿಸಿಕೊಂಡು ಮೇಲಿನಿಂದ ಕರಡಿಯ ಮೇಲೆ ಚಿಮುಕಿಸಿದ. ಮೊದಲು ಗುರ್ ಅಂದ ಕರಡಿ, ಆಮೇಲೆ ಮೂತಿ ಎತ್ತಿ ನೀರಿಗೆ ಬಾಯೊಡ್ಡಿತು. ಜನರನ್ನು ಹಿಂದಕ್ಕೆ ಕಳಿಸುವುದು ಮಾತ್ರ ಆಗಲಿಲ್ಲ. ಅರಣ್ಯದವರು ಇದ್ದದ್ದೇ ಕೆಲವರು. ಒಂದು ಕಡೆ ಹಿಂದೆ ಸರಿಸಿದರೆ ಇನ್ನೊಂದು ಕಡೆಯಿಂದ ಬರುತ್ತಿದ್ದರು. ಯಾರೋ ಕಲ್ಲು ಬೀರಿದರು. ಅದು ಕರಡಿಯ ಬೆನ್ನಿಗೆ ತಾಗಿತು.

"ಗುಂಡು ಹಾಕ್ರಿ ಸಾಹೇಬ್ರ! ಮನಷ್ಯಾನ ಮುಖ ತಿಂದೈತಿ, ಅದಕ್ಕ ನೀರು ಹೊಡೀತೀರಲ್ಲ!"

"ಡಾಕ್ಟ್ರಮ್ಮ ಯಾಕ್ ಸುಮ್ಕ ಕುಂತಾಳ? ಗೊತ್ತಿಲ್ಲೇನು ಕೆಲಸ?"

ಈ ಎರಡನೆಯ ಮಾತು ನನಗೆ ಚುಚ್ಚಿತು. ನಾನು ಎದ್ದು ನಿಂತೆ, ಮತ್ತೆ ಕೂತೆ.

ಆ ಹೊತ್ತಿಗೆ ಒಬ್ಬ ಹೆಂಗಸು ಬಂಡೆ ಹತ್ತಿ ನನ್ನ ಪಕ್ಕ ಬಂದು ಕೂತಳು. ನಲವತ್ತರ ಆಸುಪಾಸಿನ, ಕುರಿ ಕಾಯುವ ಮನೆಯ ಹೆಂಗಸು. ಸೀರೆಯ ಮುಂಭಾಗವೆಲ್ಲ ರಕ್ತ ಒಣಗಿ ಗಡುಸಾಗಿತ್ತು. ಗಾಯಗೊಂಡವನ ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಡನನ್ನು ಅವನ ತಮ್ಮ ಗೂಡ್ಸ್ ಗಾಡಿಯಲ್ಲಿ ಬಳ್ಳಾರಿಗೆ ಒಯ್ದಿದ್ದ. ಗಾಡಿಯಲ್ಲಿ ಜಾಗವಿಲ್ಲವೆಂದು ಇವಳನ್ನು ಬಿಟ್ಟು ಹೋಗಿದ್ದರು.

"ಯವ್ವಾ, ನೀನಾ ಡಾಕ್ಟ್ರು?"

"ಹೌದಕ್ಕಾ."

"ಅದನ್ನ ಬದುಕಿಸ್ತೀಯೇನು?"

ಕೊಲ್ಲಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ದನಿ ತಗ್ಗಿಸಿದಳು.

"ಆ ತಂತಿ ನಮ್ಮಾತನ ಕಟ್ಟಿದ್ದು. ಹಂದಿ ಶೇಂಗಾ ಒಂದು ಬಳ್ಳಿ ಉಳಿಸವಲ್ವು ಅಂತ ಹಂದಿಗೆ ಕಟ್ಟಿದ್ದ. ಇದು ಬಂದು ಬಿತ್ತು. ಮುಂಜಾನಿ ಕುರಿ ಹೊಡಕೊಂಡು ಬಂದಾಗ ನೋಡಿದ್ವಿ. ಬಿಡಸ್ತೀನಿ ಅಂತ ಕುಡುಗೋಲು ತಗೊಂಡು ಹತ್ರ ಹೋದ. ಬ್ಯಾಡ ಅಂದೆ. ಅದು ಸುಸ್ತಾಗೈತಿ, ಏನೂ ಮಾಡಂಗಿಲ್ಲ ಅಂದ."

"ಬಿಡಿಸೋಕೆ ಹೋಗಿದ್ರಾ?"

"ಹೂಂ. ತಾನ ಕಟ್ಟಿದ್ದು ತಾನ ಬಿಚ್ಚಬೇಕಲ್ಲ ಅಂದ. ಈಗ ಮುಖಾನ ಇಲ್ಲ ನಮ್ಮಾತಗ. ನನ್ನ ಸೆರಗು ಹರಿದು ಕಟ್ಟಿ ಕಳಿಸೀನಿ." ಅವಳು ಸೊಂಟದ ಚೀಲದಿಂದ ಭಂಡಾರದ ಪೊಟ್ಟಣ ತೆಗೆದಳು. "ಮೈಲಾರಪ್ಪಗ ಹರಕಿ ಹೊತ್ತೀನಿ. ಇದು ಬದುಕಿದ್ರ ನಮ್ಮಾತನೂ ಬದುಕ್ತಾನ. ಇದು ಸತ್ತರ ಆತನೂ ಇಲ್ಲ. ಹಿಂಗಂತ ಹೇಳಿಬಿಟ್ಟೀನಿ ದೇವರಿಗೆ."

"ಅಕ್ಕಾ, ಹಾಗೆಲ್ಲ ಗಂಟು ಹಾಕಬಾರದು. ಇದೇ ಬೇರೆ, ಅದೇ ಬೇರೆ."

"ನಿನಗ ಬ್ಯಾರೆ ಇರಬೌದು ತಾಯಿ," ಎಂದು ನನ್ನ ಔಷಧಿ ಡಬ್ಬಿಯ ಮುಚ್ಚಳಕ್ಕೆ ಅರಿಶಿನದ ಬೆರಳು ಒತ್ತಿದಳು.

ನನಗೆ ಆ ಬೆರಳಚ್ಚನ್ನು ಒರೆಸಿಬಿಡಬೇಕು ಅನ್ನಿಸಿತು. ದೇವರ ಮೇಲಿನ ಅಸಡ್ಡೆಯಿಂದ ಅಲ್ಲ. ಭಾರ ಹೆಚ್ಚಾಯಿತು ಅನ್ನುವ ಸಿಟ್ಟಿನಿಂದ. ಒಂದು ಪ್ರಾಣಿಯ ಜೀವವೇ ನನ್ನ ಕೈಗೆ ದೊಡ್ಡದು. ಇವಳು ಅದಕ್ಕೆ ಇನ್ನೊಂದನ್ನು ಕಟ್ಟಿ ಕೊಟ್ಟಿದ್ದಳು.

ಮಧ್ಯಾಹ್ನ ಏರಿದಂತೆ ಕರಡಿ ಬದಲಾಯಿತು. ನುಗ್ಗುವುದು ನಿಂತಿತು. ಕಲ್ಲು ಬಿದ್ದರೂ ತಲೆಯೆತ್ತಲಿಲ್ಲ. ಬಾಯಿ ತೆರೆದುಕೊಂಡು ಮಲಗಿತ್ತು, ಉಸಿರು ನಾಯಿಯದರಂತೆ ಮೇಲಿಂದ ಮೇಲೆ. ದುರ್ಬೀನಿನಲ್ಲಿ ನೋಡಿದೆ. ಒಸಡು ಬಿಳಿಚಿಕೊಂಡಿತ್ತು. ಹಿಂಗಾಲುಗಳು ಅದರವಲ್ಲವೇನೋ ಅನ್ನುವ ಹಾಗೆ ಚಾಚಿ ಬಿದ್ದಿದ್ದವು. ಮತ್ತೆ ಮೇಲಿನ ಬಂಡೆಗೆ ಹತ್ತಿ ಫೋನು ಹಚ್ಚಿದೆ. ಕಂಡದ್ದನ್ನು ಹೇಳಿದೆ.

ಆ ಕಡೆ ವೈದ್ಯರ ಗಾಡಿಯ ಸದ್ದು ಕೇಳುತ್ತಿತ್ತು.

"ನಾನು ಇನ್ನೂ ಬಹಳ ದೂರ ಇದೀನಿ," ಅಂದರು. "ಕಾಯ್ದ್ರೆ ಅದು ಸಾಯಬಹುದು. ಈಗ ಡಾರ್ಟ್ ಮಾಡಿದ್ರೂ ಸಾಯಬಹುದು. ಅಲ್ಲಿರೋದು ನೀವು. ನಿಮಗೆ ಕಾಣ್ತಾ ಇರೋದು ನನಗೆ ಕಾಣ್ತಾ ಇಲ್ಲ. ನಿಮಗೇನನ್ಸುತ್ತೆ?"

ಬೆಳಿಗ್ಗೆಯಾಗಿದ್ದರೆ ಈ ಮಾತಿಗೆ ಕುಣಿದುಬಿಡುತ್ತಿದ್ದೆ. ಈಗ ಕೆಳಗಿನ ತಗ್ಗಿನ ಕಡೆ ನೋಡಿದೆ. "ನಂಗೆ ಗೊತ್ತಿಲ್ಲ ಸರ್, ನೀವೇ ಹೇಳಿ" ಅನ್ನಬಹುದಿತ್ತು. ಅದು ವಿನಯದ ಮಾತಿನಂತೆಯೂ ಕೇಳುತ್ತಿತ್ತು. ಆದರೆ ಅದು ವಿನಯವಲ್ಲ, ಸತ್ತರೆ ಹೊಣೆ ನಿಮ್ಮದು ಎಂದು ದಾಟಿಸುವುದು. ಇನ್ನೊಂದು ಕಡೆ, "ಮಾಡ್ತೀನಿ" ಅಂದರೆ ಅದು ಕರಡಿಗೆ ಬೇಕಾಗಿ ಅನ್ನುತ್ತಿದ್ದೇನೋ, ಜನರ ಬಾಯಿ ಮುಚ್ಚಿಸುವುದಕ್ಕೋ, ವರ್ಷಗಳಿಂದ ಹೊತ್ತುಕೊಂಡ ಆಸೆಗೋ? ಒಂದನ್ನೊಂದು ಬಿಡಿಸಿ ನೋಡಲು ಹೋದೆ. ಆಗಲಿಲ್ಲ. ಎಲ್ಲವೂ ಒಂದೇ ಗಂಟಿನಲ್ಲಿದ್ದವು. ಕೊನೆಗೆ ಮತ್ತೊಮ್ಮೆ ಕರಡಿಯ ಕಡೆಗೇ ನೋಡಿದೆ. ಅದರ ನಾಲಿಗೆಗೆ ಮಣ್ಣು ಹತ್ತಿತ್ತು, ಅದನ್ನು ಒಳಗೆ ಎಳೆದುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ.

"ಸಂಜೆತನಕ ಇರಲ್ಲ ಸರ್. ನಾನು ಮಾಡ್ತೀನಿ."

"ಸರಿ. ಡೋಸ್ ಕಮ್ಮಿ ಇಟ್ಕೊಳ್ಳಿ. ಕೂದಲು ನೋಡಿ ತೂಕ ಜಾಸ್ತಿ ಅನ್ಸುತ್ತೆ, ಮೋಸ ಹೋಗಬೇಡಿ. ಬಿದ್ದ ಮೇಲೆ ತಂತಿ ಮುಟ್ಟಬೇಡಿ. ಮೊದಲು ರಕ್ತನಾಳಕ್ಕೆ ಸಲೈನ್. ತಂತಿ ಹಿಂದೆ ರಕ್ತ ನಿಂತು ಕೆಟ್ಟಿರುತ್ತೆ. ಏಕಾಏಕಿ ಬಿಟ್ರೆ ಅದೆಲ್ಲ ಹೃದಯಕ್ಕೆ ಬರುತ್ತೆ. ಅರ್ಥ ಆಯ್ತಾ? ಮೊದಲು ಸಲೈನ್, ಆಮೇಲೆ ತಂತಿ."

ಅದೇ ಅವರ ಜೊತೆ ಆ ಹಗಲಿನ ಕೊನೆಯ ಮಾತು. ತಗ್ಗಿಗಿಳಿದರೆ ಸಿಗ್ನಲ್ ಇರುವುದಿಲ್ಲ.

ಎರಡು ಮದ್ದುಗಳನ್ನು ಒಂದೇ ಸಿರಿಂಜಿಗೆ ಎಳೆದೆ. ಒಂದು ಸ್ನಾಯು ಸಡಿಲಿಸುವುದು, ಇನ್ನೊಂದು ಪ್ರಜ್ಞೆ ತಪ್ಪಿಸುವುದು. ನನ್ನ ಕಣ್ಣಿಗೆ ತೋರಿದ ತೂಕದಲ್ಲಿ ಕಾಲುಭಾಗ ಕಳೆದು ಲೆಕ್ಕ ಹಾಕಿದೆ. ಡಾರ್ಟಿನ ಹಿಂಭಾಗಕ್ಕೆ ಗಾಳಿ ತುಂಬಿ, ಸೂಜಿಗೆ ರಬ್ಬರಿನ ಮುಚ್ಚಳ ಕೂರಿಸಿ, ವಾಚರ್ ಜೊತೆ ಬಂಡೆಯ ಮರೆಯಲ್ಲಿ ಇಳಿದೆ. ತೊಡೆಗೆ ಗುರಿಯಿಟ್ಟು ಊದಿದೆ. ಡಾರ್ಟು ಹೋಗಿ ಕೂದಲಿನ ಗಂಟಿನಲ್ಲಿ ಸಿಕ್ಕಿಕೊಂಡಿತು. ಚರ್ಮ ತಲುಪಲಿಲ್ಲ. ಮದ್ದು ಕೂದಲ ಮೇಲೆ ಸೋರಿ ಹೋಯಿತು. ಮೇಲಿನಿಂದ ಯಾರೋ ನಕ್ಕರು.

ಎರಡನೆಯದಕ್ಕೆ ಇನ್ನೂ ಹತ್ತಿರ ಹೋಗಬೇಕಾಯಿತು. ತಂತಿ ಗಿಡ್ಡವಾಗಿದೆ, ಎಟುಕುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಬೆಳಿಗ್ಗೆ ಆ ಮನುಷ್ಯನೂ ಹಾಗೆಯೇ ಹೇಳಿಕೊಂಡಿರಬೇಕು. ಕೂದಲು ತೆಳುವಿದ್ದ ಒಳತೊಡೆ ಕಾಣುವತನಕ ಕಾದು ಊದಿದೆ. ಈ ಸಲ ಸೂಜಿ ಹೊಕ್ಕಿತು. ಕರಡಿ ಒಮ್ಮೆ ತಿರುಗಿ ಕಚ್ಚಲು ನೋಡಿ, ಅರ್ಧದಲ್ಲೇ ತಲೆ ಇಳಿಸಿತು.

ಕಾದೆವು. ವಾಚರ್ ಉದ್ದನೆಯ ಗಳದಿಂದ ಕಿವಿ ಮುಟ್ಟಿದ. ಅಲುಗಲಿಲ್ಲ. ಮತ್ತೆ ಮುಟ್ಟಿದ. ನಾನು ಹೋಗಿ ಕಣ್ಣಿಗೆ ಮುಲಾಮು ಹಾಕಿ, ಬಟ್ಟೆ ಕಟ್ಟಿ, ಮೂತಿಯನ್ನು ಇಳಿಜಾರಿನ ಕಡೆ ತಿರುಗಿಸಿದೆ. ಆಗ ಜನ ಒಮ್ಮೆಲೇ ಕೂಗಿದರು. ಸಿಳ್ಳೆ, ಚಪ್ಪಾಳೆ. ನೂಕಿಕೊಂಡು ಕೆಳಗಿಳಿದರು. ಅರಣ್ಯದವರು ಕೈಕೈ ಹಿಡಿದು ಸರಪಳಿ ಮಾಡಿ ನಿಂತರು.

ಮೈ ಮುಟ್ಟಿದರೆ ಕೆಂಡ. ಜ್ವರದ ಕಡ್ಡಿ ತೋರಿಸಿದ್ದು ನಾನು ಯಾವ ಪ್ರಾಣಿಯಲ್ಲೂ ನೋಡದ ಅಂಕಿ. ಕೊಡಗಳಲ್ಲಿ ನೀರು ತರಿಸಿ ಹೊಟ್ಟೆ, ಕಂಕುಳು, ಪಾದಗಳಿಗೆ ಸುರಿಸಿದೆ. ಕೂದಲು ಬಿಡಿಸಿ ಸೊಂಟ ನೋಡಿದೆ. ವಾಸನೆ ಮೊದಲು ಬಂತು. ತಂತಿ ಚರ್ಮದ ಮೇಲೆ ಇರಲಿಲ್ಲ, ಒಳಗಿತ್ತು. ಇದು ಬೆಳಗಿನ ಮಾತಲ್ಲ, ಅದಕ್ಕೂ ಹಿಂದೆಯೇ ಬಿದ್ದಿದೆ ಅನ್ನುವುದು ಆಗ ತಿಳಿಯಿತು.

ಮುಂಗಾಲಿನ ಕೂದಲು ಬೋಳಿಸಿ ರಕ್ತನಾಳ ಹುಡುಕಿದೆ. ನಿರ್ಜಲವಾದ ದೇಹದಲ್ಲಿ ನಾಳ ದಾರದಂತೆ ಒಳಗೆಲ್ಲೋ ಅಡಗಿರುತ್ತದೆ. ಚುಚ್ಚಿದೆ, ಸಿಗಲಿಲ್ಲ. ಇನ್ನೊಂದು ಕಾಲಿಗೆ ಚುಚ್ಚಿದೆ, ಸಿಕ್ಕಿ ಒಡೆದುಹೋಯಿತು. ಕುರಿಗಳಿಗೆ ಕಣ್ಣು ಮುಚ್ಚಿ ಹಾಕುವ ಸೂಜಿ ನನ್ನ ಕೈಗೆ ಬರುತ್ತಿರಲಿಲ್ಲ. ಅರಣ್ಯಾಧಿಕಾರಿ ಪಕ್ಕದಲ್ಲಿ ಬಗ್ಗಿ, "ಲಗೂನ ಕತ್ತರಿಸಿಬಿಡ್ರಿ ಮೇಡಂ. ಎಚ್ಚರಾದ್ರ ಇಷ್ಟು ಮಂದ್ಯಾಗ ಏನು ಮಾಡೋದು?" ಅನ್ನುತ್ತಿದ್ದರು. ಅವರ ಭಯವೂ ಸುಳ್ಳಲ್ಲ. ಕರಡಿಯ ನಾಲಿಗೆ ಆಗಲೇ ಅಲುಗತೊಡಗಿತ್ತು. ಸ್ವಲ್ಪ ಮದ್ದು ಮತ್ತೆ ಕೊಟ್ಟೆ. ಕೊಡಬೇಕಾದ್ದಕ್ಕಿಂತ ಒಂದು ಹನಿಯೂ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಆಮೇಲೆ ನಾಲಿಗೆಯ ಕೆಳಗಿನ ನಾಳ ಸಿಕ್ಕಿತು. ಸಲೈನ್ ಹನಿಯತೊಡಗಿದಾಗ ಬಾಟಲಿ ಹಿಡಿದಿದ್ದ ವಾಚರ್ "ಸ್ವಾಮಿ" ಎಂದು ಉಸಿರು ಬಿಟ್ಟ.

ಒಂದು ಬಾಟಲಿ ಮುಗಿಯುವತನಕ ನಾನು ತಂತಿ ಕತ್ತರಿಸುವ ಕಟರ್ ಮುಟ್ಟಲಿಲ್ಲ. ಎರಡನೆಯದನ್ನು ಹಚ್ಚಿದೆ. ಅದೂ ಮುಗಿಯಲಿ ಅನ್ನುವುದು ನನ್ನ ಮನಸ್ಸಿನಲ್ಲಿತ್ತು. ಆದರೆ ಸರಪಳಿ ಒಂದು ಕಡೆ ಹರಿಯಿತು, ಹುಡುಗರು ಸೆಲ್ಫಿಗೆ ನುಗ್ಗಿದರು, ಕರಡಿಯ ಕಿವಿ ಅಲುಗಿತು. ಅರಣ್ಯಾಧಿಕಾರಿ ನನ್ನ ಮುಖ ನೋಡಿದರು. ನಾನು ತಂತಿ ಕತ್ತರಿಸಿದೆ. ಒಂದೊಂದು ಎಳೆಯೂ ಟಕ್ ಟಕ್ ಎಂದು ಹೋಯಿತು. ಕೊನೆಯ ಎಳೆ ಬಿಟ್ಟಾಗ ಹೊಟ್ಟೆ ಉಬ್ಬಿ ತನ್ನ ಜಾಗಕ್ಕೆ ಬಂತು.

ಬಲೆಯಲ್ಲಿ ಹಾಕಿಕೊಂಡು ಎಂಟು ಮಂದಿ ಹೊತ್ತು, ಚಿಕಿತ್ಸೆಗೆ ಒಯ್ಯಲು ಅರಣ್ಯದವರ ಗಾಡಿಯಲ್ಲಿದ್ದ ಪಂಜರಕ್ಕೆ ಏರಿಸಿದರು. ಹೊರುವವರಲ್ಲಿ ಬೆಳಗಿನಿಂದ ಕಲ್ಲು ಬೀರಿದವರೂ ಇದ್ದರು. "ಏಳುಕೋಟಿ" ಎಂದು ಯಾರೋ ಮೈಲಾರನ ಜೈಕಾರ ಕೂಗಿದರೆ ಗುಡ್ಡವೇ ಓಗೊಟ್ಟಿತು. "ಡಾಕ್ಟ್ರಮ್ಮಗ ಜೈ" ಅಂದರು. ಮೊಬೈಲುಗಳೆಲ್ಲ ನನ್ನ ಕಡೆ ತಿರುಗಿದವು. ಆ ಹೆಂಗಸು ದೂರದಲ್ಲಿ ನಿಂತು ಎರಡೂ ಕೈ ತಲೆಯ ಮೇಲೆ ಜೋಡಿಸಿದಳು. ನಾನು ನಕ್ಕೆ. ಆ ನಗು ವಿಡಿಯೋದಲ್ಲಿದೆ.

ಗುಡೇಕೋಟೆ ದಾಟಿ ಸ್ವಲ್ಪ ದೂರ ಹೋಗಿರಬೇಕು. ಪಂಜರದ ಪಕ್ಕ ಕೂತಿದ್ದ ನನಗೆ ಉಸಿರಿನ ಲಯ ತಪ್ಪಿದ್ದು ಕೇಳಿಸಿತು. ಗಾಡಿ ನಿಲ್ಲಿಸಿದೆವು. ಮದ್ದಿನ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟೆ. ಹೃದಯಕ್ಕೆ ಕೊಡುವುದನ್ನು ಕೊಟ್ಟೆ. ಪಂಜರದ ಬಾಗಿಲು ತೆಗೆದು ಒಳಗೆ ಹೋದೆ. ಅರಣ್ಯಾಧಿಕಾರಿ ಬೇಡ ಬೇಡ ಅನ್ನುತ್ತಿದ್ದರು. ಮೊಣಕಾಲೂರಿ ಎದೆಗೂಡು ಒತ್ತಿದೆ. ಬಿಸಿ ಕೂದಲು, ಅದರೊಳಗೆ ಮಣ್ಣು, ಹುಲ್ಲಿನ ಕಡ್ಡಿ. ಒತ್ತುತ್ತಲೇ ಇದ್ದೆ. ವಾಚರ್ ಬಾಟಲಿಯನ್ನು ಎತ್ತರಕ್ಕೆ ಹಿಡಿದೇ ನಿಂತಿದ್ದ. ಹನಿ ಬೀಳುವುದು ನಿಂತಿದ್ದು ಮೊದಲು ಕಂಡವನು ಅವನೇ.

"ಮೇಡಂ," ಅಂದ. "ಸಾಕ್ರಿ ಮೇಡಂ."

ವನ್ಯಜೀವಿ ವೈದ್ಯರು ಬಂದಾಗ ಸೂರ್ಯ ಇಳಿಯುತ್ತಿದ್ದ. ಪಂಜರ ನೋಡಿದರು, ನನ್ನ ಕೈ ನೋಡಿದರು. ಮಾರನೆಯ ಬೆಳಿಗ್ಗೆ ಇಬ್ಬರೂ ಸೇರಿ ಮರಣೋತ್ತರ ಪರೀಕ್ಷೆ ಮಾಡಿದೆವು. ತಂತಿಯ ಕೆಳಗೆ ಕರುಳಿನ ಒಂದು ಭಾಗ ಕಪ್ಪಾಗಿತ್ತು. ಹಿಂಗಾಲಿನ ಮಾಂಸಖಂಡಗಳು ಬೇಯಿಸಿದಂತೆ ಬಿಳಿಚಿದ್ದವು. ಶ್ವಾಸಕೋಶದಲ್ಲಿ ನೀರು. ಎದೆ ಒತ್ತಿದಾಗ ನಾನು ಮುರಿದ ಪಕ್ಕೆಲುಬುಗಳೂ ಅಲ್ಲೇ ಇದ್ದವು.

"ಸರ್, ನಿಮಗೋಸ್ಕರ ಕಾಯ್ದಿದ್ರೆ?"

ಅವರು ಕತ್ತರಿ ತೊಳೆಯುತ್ತಿದ್ದರು. "ಗೊತ್ತಿಲ್ಲ," ಅಂದರು.

"ಎರಡನೇ ಬಾಟಲಿ ಮುಗಿಯೋತನಕ ತಡೆದಿದ್ರೆ?"

"ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ. ಸಮಾಧಾನಕ್ಕೆ ಅಂತ ಒಂದು ಮಾತು ಹೇಳಬಹುದು, ಅದು ಸುಳ್ಳಾಗುತ್ತೆ."

ಅಷ್ಟೊಂದು ಕರಡಿಗಳನ್ನು ಕಂಡ ಕೈ ಅವರದು. ನಾನು ಗಿಟ್ಟಿಸಬೇಕೆಂದು ಹಂಬಲಿಸಿದ್ದ ಜ್ಞಾನದ ಆಚೆ ತುದಿಯಲ್ಲಿ ಅವರಿದ್ದಾರೆ ಎಂದುಕೊಂಡಿದ್ದೆ. ಅಲ್ಲಿಂದಲೂ ಬಂದದ್ದು ಅದೇ ಮಾತು. ನನಗೆ ಸಮಾಧಾನವಾಗಲಿಲ್ಲ. ಆದರೆ ಅವರ ಬಾಯಲ್ಲಿ ಆ ಮಾತು ನುಣುಚಿಕೊಳ್ಳುವ ಮಾತಾಗಿರಲಿಲ್ಲ. ಕಡೆಯ ನರದವರೆಗೂ ಬಿಡಿಸಿ ನೋಡಿದ ಮೇಲೆ ಆಡಿದ್ದು. ನಿಯಮದಂತೆ ಕಟ್ಟಿಗೆ ಒಟ್ಟಿ ದೇಹ ಸುಟ್ಟೆವು. ಹೊಗೆ ಬಹಳ ಹೊತ್ತು ನೆಲದಲ್ಲೇ ಹರಿದಾಡಿತು.

ಅಷ್ಟರಲ್ಲಿ ವಿಡಿಯೋ ಊರೂರು ತಿರುಗಿತ್ತು. ಕಾನಹೊಸಹಳ್ಳಿಯ ಔಷಧಿ ಅಂಗಡಿಯವನು ಎದ್ದು ನಿಂತು ಕೈ ಮುಗಿದ. ಹಗರಿಬೊಮ್ಮನಹಳ್ಳಿಯಿಂದ ಜೊತೆಗೆ ಓದಿದವರು ಫೋನು ಮಾಡಿದರು. ಕೊಟ್ಟೂರಿನ ಯುವಕರ ಸಂಘವೊಂದರವರು ಸನ್ಮಾನ ಮಾಡುತ್ತೇವೆಂದು ಆಸ್ಪತ್ರೆಗೇ ಬಂದರು.

"ಕರಡಿ ಸತ್ತುಹೋಯ್ತಪ್ಪ," ಅಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದಾ? ಇರ್ಲಿ ಬಿಡ್ರಿ ಮೇಡಂ, ಧೈರ್ಯ ಮಾಡಿದ್ರಲ್ಲ. ಶಾಲು, ಹಾರ ಎಲ್ಲ ಹೇಳಿಬಿಟ್ಟೀವಿ."

ನಾನು ಹೋಗಲಿಲ್ಲ. ಹೋಗದೇ ಇದ್ದದ್ದಕ್ಕೂ ಜನ ಹೊಗಳಿದರು. ಎಷ್ಟು ಸರಳ ನಮ್ಮ ಡಾಕ್ಟ್ರಮ್ಮ, ಅಂದರಂತೆ. ಅದು ಇನ್ನೂ ಕೆಟ್ಟದೆನಿಸಿತು.

ಬಳ್ಳಾರಿಯಲ್ಲಿದ್ದ ಆ ಮನುಷ್ಯನ ಸುದ್ದಿಯನ್ನು ವಾಚರ್ ತರುತ್ತಿದ್ದ. ಒಂದು ಕಣ್ಣು ತೆಗೆದರು. ತೊಡೆಯ ಚರ್ಮ ಕಿತ್ತು ಕೆನ್ನೆಗೆ ಹಚ್ಚಿದರು. ಉರುಳು ಕಟ್ಟಿದ್ದು ನಾನೇ ಎಂದು ಅವನೇ ಅರಣ್ಯದವರಿಗೆ ಹೇಳಿಕೆ ಕೊಟ್ಟನಂತೆ. ಕೇಸಾಯಿತು. ಹೆಂಡತಿ ಆಸ್ಪತ್ರೆಯ ವರಾಂಡದಲ್ಲೇ ಇದ್ದಳು. ಕರಡಿ ಏನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ವಿಡಿಯೋ ಮಾತ್ರ ಯಾರೋ ತೋರಿಸಿದ್ದರು.

ಗಂಡನಿಗೆ ಅಪಾಯ ದಾಟಿದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನ ಆಸ್ಪತ್ರೆಗೆ ಬಂದಳು. ಕೈಯಲ್ಲಿ ತೆಂಗಿನಕಾಯಿ, ಭಂಡಾರದ ಚೀಲ. ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಭುಜ ಹಿಡಿದು ತಡೆದೆ.

"ಮೈಲಾರಪ್ಪ ಮಾತು ಉಳಿಸಿಕೊಂಡ ಯವ್ವಾ. ನಮ್ಮಾತ ಉಳಿದ. ಹರಕಿ ಮುಟ್ಟಿಸಾಕ ಹೊಂಟೀನಿ. ಮೊದಲು ನಿನಗ ಹೇಳಿ ಹೋಗೋಣಂತ ಬಂದೆ. ಅದು ಎಲ್ಲೈತಿ ಈಗ? ಕಾಡಿಗೆ ಬಿಟ್ರೇನು?"

ಕುರಿಗಳನ್ನು ತಂದ ನಾಲ್ಕಾರು ಜನ ಕಾಯುತ್ತಿದ್ದರು. ಅವಳನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ಹೂಂ ಅಂದುಬಿಟ್ಟರೆ ಅವಳು ನೆಮ್ಮದಿಯಿಂದ ಹೋಗುತ್ತಾಳೆ. ಹೂಂ ಅನ್ನಲು ಬಾಯಿ ಬರಲಿಲ್ಲ.

"ಅಕ್ಕಾ, ಅದು ಉಳೀಲಿಲ್ಲ. ಅವತ್ತೇ ದಾರೀಲಿ ಹೋಯ್ತು. ನಾನು ಪಕ್ಕದಲ್ಲೇ ಇದ್ದೆ. ಮಾಡಬೇಕಾದ್ದೆಲ್ಲ ಮಾಡಿದೆ, ಆಗ್ಲಿಲ್ಲ."

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕೈಯಲ್ಲಿದ್ದ ಕಾಯಿಯ ಜುಟ್ಟನ್ನು ಸವರುತ್ತಾ ಕೂತಳು.

"ಅವತ್ತೇನು?"

"ಅವತ್ತೇ."

"ಹಂಗಾರ ದೇವರು ನನ್ನ ಮಾತು ತಗೊಳ್ಳಲಿಲ್ಲ." ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಇದಕ್ಕದು, ಅದಕ್ಕಿದು ಅಂತ ನಾನ ಮಾತು ಕಟ್ಟಿದ್ದೆ. ಆತ ಅದನ್ನ ತಗೊಳ್ಳಲಿಲ್ಲ. ಆದ್ರೂ ನಮ್ಮಾತನ್ನ ಕೊಟ್ಟ," ಅಂದಳು.

"ಹರಕೆ?"

"ಮುಟ್ಟಿಸ್ತೀನಿ. ಮೊದಲು ಮಾತಿನಂಗ ಮುಟ್ಟಿಸಾಕ ಹೊಂಟಿದ್ದೆ. ಈಗ ಸುಮ್ನ ಮುಟ್ಟಿಸ್ತೀನಿ." ಎದ್ದಳು. ಬಾಗಿಲಲ್ಲಿ ತಿರುಗಿ ನಿಂತು, "ನೀನು ಊಟ ಮಾಡಾಕತ್ತೀಯಿಲ್ಲ ನೆಟ್ಟಗ? ಸೊರಗೀಯ," ಅಂದಳು.

ಅವಳು ಹೋದ ಮೇಲೆ ಕುರಿಗಳನ್ನು ನೋಡಿದೆ. ಒಂದಕ್ಕೆ ಗೊರಸು ಕೊಳೆತಿತ್ತು, ಕೆತ್ತಿ ಔಷಧಿ ಹಚ್ಚಿದೆ. ಆ ದಿನ ಮೊದಲ ಸಲ ಕೈ ಹಗುರವಾಗಿ ಕೆಲಸ ಮಾಡಿತು. ಯಾಕೆಂದು ನನಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಕರಡಿ ಸತ್ತದ್ದಂತೂ ಸತ್ತೇ ಇದೆ.

ಚಳಿ ಶುರುವಾಗುವ ಹೊತ್ತಿಗೆ ಆ ಮನುಷ್ಯ ಊರಿಗೆ ಬಂದ. ಒಂದು ದಿನ ವಾಚರನ ಜೊತೆ ಆಸ್ಪತ್ರೆಗೆ ಬಂದು ಬಾಗಿಲ ಹೊರಗೇ ನಿಂತ. ಟವಲಿನಿಂದ ಮುಖದ ಅರ್ಧ ಮುಚ್ಚಿಕೊಂಡಿದ್ದ. ತುಟಿ ಒಂದು ಕಡೆ ಕೂಡುತ್ತಿರಲಿಲ್ಲ, ಮಾತು ಗಾಳಿಯ ಜೊತೆ ಬರುತ್ತಿತ್ತು.

"ಅದು ಹೆಂಗ ಸತ್ತಿತು ಅಂತ ನನಗ ಹೇಳ್ರಿ ಮೇಡಂ. ಬ್ಯಾರೆ ಯಾರೂ ಹೇಳವಲ್ರು."

ಹೇಳಿದೆ. ಕಪ್ಪಾದ ಕರುಳು, ಬಿಳಿಚಿದ ಮಾಂಸ, ತಂತಿ ಚರ್ಮದೊಳಗೆ ಹೋಗಿದ್ದದ್ದು, ನಾನು ಎರಡನೆಯ ಬಾಟಲಿಗೆ ಕಾಯದೆ ಕತ್ತರಿಸಿದ್ದು, ಎಲ್ಲವನ್ನೂ ಹೇಳಿದೆ. ಅವನು ಇದ್ದ ಒಂದೇ ಕಣ್ಣನ್ನು ನನ್ನ ಮುಖದಿಂದ ತೆಗೆಯಲಿಲ್ಲ.

"ಇನ್ನೂ ಅದಾವ್ರಿ," ಅಂದ. "ಬ್ಯಾರೆ ಬ್ಯಾರೆ ಕಡೆ ಕಟ್ಟಿದ್ದೆ. ಬಿಚ್ಚಬೇಕು. ಅದಕ್ಕ ಇವರನ್ನ ಕರಕೊಂಡು ಬಂದೀನಿ. ನೀವೂ ಬರ್ರಿ. ಯಾವುದರಾಗರ ಏನರ ಬಿದ್ದು ಜೀವ ಇದ್ರ, ನಾನು ಹತ್ರ ಹೋಗಂಗಿಲ್ಲ."

ಭಾನುವಾರ ಹೋದೆವು. ಅವನು, ಅವನ ಹೆಂಡತಿ, ವಾಚರ್, ನಾನು. ಅವನು ಮುಂದೆ ನಡೆಯುತ್ತಿದ್ದ. ಬಂಡೆಯ ಸಂದು, ಹಂದಿ ಓಡಾಡುವ ಜಾಡು, ಹೊಲದ ಮೂಲೆ. ಒಂದೊಂದು ಕಡೆ ನಿಂತು ಕೋಲಿನಿಂದ ತೋರಿಸುತ್ತಿದ್ದ, ವಾಚರ್ ಕತ್ತರಿಸುತ್ತಿದ್ದ. ಒಂದರಲ್ಲಿ ಮೊಲದ ಎಲುಬು ಇದ್ದವು, ಉಳಿದವು ಖಾಲಿ. ಕೊನೆಯದಕ್ಕೆ ಬಂದಾಗ ಅವನು ತಡವರಿಸಿದ. ಮಳೆಯ ನಂತರ ಹುಲ್ಲು ಎದೆಯುದ್ದ ಬೆಳೆದಿತ್ತು. ಒಂದು ಕಣ್ಣಿಗೆ ದೂರ ಹತ್ತಿರ ತಿಳಿಯುತ್ತಿರಲಿಲ್ಲ. ಒಂದು ಗಿಡದ ಬುಡಕ್ಕೆ ಹೋದ, ಅಲ್ಲ. ಇನ್ನೊಂದರ ಬುಡಕ್ಕೆ ಹೋದ, ಅದೂ ಅಲ್ಲ.

"ಇಲ್ಲೇ ಇತ್ರಿ. ಇಲ್ಲೇ ಕಟ್ಟಿದ್ದೆ," ಅನ್ನುತ್ತಲೇ ಇದ್ದ.

ಬಿಸಿಲು ಇಳಿಯುವತನಕ ನಾಲ್ವರೂ ಸಾಲಾಗಿ ಹುಲ್ಲು ಸೀಳಿ ಹುಡುಕಿದೆವು. ಮುಂದಿನ ಭಾನುವಾರವೂ ಹೋದೆವು. ಅದು ಸಿಗಲಿಲ್ಲ. ಹುಲ್ಲು ಒಣಗಿದ ಮೇಲೆ ಕಂಡೀತು ಅಂದ ವಾಚರ್. ಒಣಗಿದ ಮೇಲೂ ಕಾಣಲಿಲ್ಲ.

ಈಗ ಕುರಿ ಕಾಯುವುದು ಆ ಹೆಂಗಸೇ. ಆ ಕಡೆ ಕರೆ ಬಂದು ಹೋದಾಗ ದೂರದಿಂದ ನೋಡುತ್ತೇನೆ. ಕುರಿಗಳನ್ನು ಹಿಂದೆ ತಡೆದು ನಿಲ್ಲಿಸಿ, ತಾನು ಮುಂದೆ ಹೋಗಿ, ಪ್ರತಿ ಗಿಡದ ಬುಡವನ್ನೂ ಕೋಲಿನಿಂದ ಕೆದಕಿ ನೋಡುತ್ತಾಳೆ. ಆಮೇಲೆ ಬರ್ರಿ ಅನ್ನುವಂತೆ ಕೈ ಬೀಸಿ ಕುರಿಗಳನ್ನು ಕರೆಯುತ್ತಾಳೆ.